ಹತ್ತು ಗುಂಟೆಯಲ್ಲಿ ಆರ್‌ಸಿ ಆಫ್‌ರೋಡ್ ಟ್ರ್ಯಾಕ್: ನೀರಿನಿಂದ ಶುರು, ದಿಬ್ಬ ಕೊನೆಗೆ

ಆರ್‌ಸಿ ಕಾರಿನ, ಅಂದರೆ ರೇಡಿಯೊ ರಿಮೋಟ್‌ನಿಂದ ಓಡಿಸುವ ಸಣ್ಣ ಕಾರಿನ, ಟ್ರ್ಯಾಕ್ ಮಾಡಲು ಹೊರಟವರಲ್ಲಿ ಹೆಚ್ಚಿನವರು ಮೊದಲ ದಿನವೇ ಜೆಸಿಬಿ ಕರೆಸಿ ಕಾರು ಹಾರಿಸುವ ದಿಬ್ಬ ಹಾಕಿಸುತ್ತಾರೆ. ದಿಬ್ಬ ನೋಡಲು ಚೆಂದ, ಫೋಟೊಕ್ಕೂ ಚೆಂದ. ಆದರೆ ಮೊದಲ ಅಡ್ಡಮಳೆಗೆ ಅದರ ಬುಡದಲ್ಲಿ ನೀರು ನಿಲ್ಲುತ್ತದೆ, ಕಟ್ಟೆಯ ಮೇಲೆ ನಿಂತು ಓಡಿಸುವವನಿಗೆ ಅದರ ಹಿಂದಿನ ಕಾರು ಕಾಣುವುದಿಲ್ಲ, ಹಾರಿದ ಕಾರು ಇಳುಕಲು ದಾಟಿ ಸಪಾಟು ನೆಲಕ್ಕೆ ಬಡಿದು ಶಾಕ್ ಟವರ್ (ಶಾಕ್ ಅಬ್ಸಾರ್ಬರ್ ಕೂರುವ ಪಟ್ಟಿ) ಮುರಿಯುತ್ತದೆ. ಮೂರೂ ಒಂದೇ ತಪ್ಪಿನ ಫಲ: ಕೊನೆಗೆ ಮಾಡಬೇಕಾದದ್ದನ್ನು ಮೊದಲು ಮಾಡಿದ್ದು. ಸರಿಯಾದ ಕ್ರಮದಲ್ಲಿ ನೀರು ಮೊದಲು, ನೋಟ ಎರಡನೆಯದು, ದಾರಿ ಮೂರನೆಯದು. ಆ ದಾರಿಯಲ್ಲಿ ಕಾರು ಓಡಿಸಿ ವೇಗ ಅಳೆದ ಮೇಲೆ ದಿಬ್ಬ.

ಇಲ್ಲಿನ ಲೆಕ್ಕವೆಲ್ಲ 1/10 ಅಳತೆಯ, ಅಂದರೆ ನಿಜವಾದ ಗಾಡಿಯ ಹತ್ತನೇ ಒಂದು ಭಾಗದ, ಎಲೆಕ್ಟ್ರಿಕ್ ಬಗ್ಗಿಗೆ (ಮಣ್ಣಿನ ಓಟದ ಕಾರು). ಸುಮಾರು ಒಂದೂವರೆ ಕಿಲೋ ತೂಕ, 25 ಸೆಂ.ಮೀ. ಅಗಲ, ಮುಂದಿನ ಹಿಂದಿನ ಚಕ್ರಗಳ ನಡುವೆ 28 ಸೆಂ.ಮೀ. ಅಂತರ. ಮೂರು ಕಿಲೋ ದಾಟುವ 1/8 ಬಗ್ಗಿ ಓಡಿಸುವ ಆಸೆಯಿದ್ದರೆ ಜಾಗ 20 ಗುಂಟೆ ಬೇಕು, ಲೇನ್ 4 ಮೀಟರ್ ಬೇಕು. ಎರಡನ್ನೂ ಹತ್ತು ಗುಂಟೆಯಲ್ಲಿ ತುರುಕಿದರೆ ದೊಡ್ಡದಕ್ಕೆ ಕಿಷ್ಕಿಂಧೆ, ಸಣ್ಣದಕ್ಕೆ ಅಪಾಯ.

ಜಾಗ ಮತ್ತು ಮಣ್ಣು

ಹತ್ತು ಗುಂಟೆ ಅಂದರೆ ಸುಮಾರು 1,010 ಚದರ ಮೀಟರ್. 40 ಮೀಟರ್ ಉದ್ದ, 25 ಮೀಟರ್ ಅಗಲದ ತುಂಡು ಸಿಕ್ಕರೆ ಅನುಕೂಲ. ಉದ್ದದ ಬದಿ ಪೂರ್ವ-ಪಶ್ಚಿಮವಾಗಿ ಇರಲಿ. ಜೂನ್‌ನಿಂದ ಆಗಸ್ಟ್‌ವರೆಗೆ ನಮ್ಮ ಕಡೆ ಗಾಳಿ ಪಶ್ಚಿಮ-ನೈರುತ್ಯದಿಂದ ಬೀಸುತ್ತದೆ; ಗದಗ ಬಯಲಿನಲ್ಲಂತೂ ಜೋರು. ಹಾರುತ್ತಿರುವ ಬಗ್ಗಿಗೆ ಎದುರುಗಾಳಿಗಿಂತ ಅಡ್ಡಗಾಳಿ ಕೆಟ್ಟದ್ದು: ಹಿಂದಿನ ರೆಕ್ಕೆಗೆ ಗಾಳಿ ಹೊಡೆದು ಕಾರು ಸೊಟ್ಟಗೆ ಇಳಿಯುತ್ತದೆ.

ಮಣ್ಣಿನ ವಿಷಯದಲ್ಲಿ ಮುಲಾಜು ಬೇಡ. ಗದಗ, ಅಣ್ಣಿಗೇರಿ, ನವಲಗುಂದ ಕಡೆಯ ಎರಿ ನೆಲ, ಅಂದರೆ ಕಪ್ಪು ಮಣ್ಣು, ಜೋಳಕ್ಕೆ ಕಡಲೆಗೆ ಬಂಗಾರ, ಟ್ರ್ಯಾಕಿಗೆ ಶತ್ರು. ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಬಾಯಿ ಬಿಡುತ್ತದೆ. ಏಪ್ರಿಲ್ ಬಿರುಕಿನಲ್ಲಿ ಮುಂದಿನ ಚಕ್ರ ಸಿಕ್ಕಿಕೊಂಡರೆ ಅದನ್ನು ಹಿಡಿದ ಆರ್ಮ್ ಮುರಿಯುವುದು ಖಾತ್ರಿ. ಹಸಿ ಇದ್ದಾಗ ಟೈರಿಗೆ ಮೆತ್ತಿಕೊಂಡು ಚಕ್ರ ಲಡ್ಡುವಾಗುತ್ತದೆ. ಎರಿ ಮೇಲೆಯೇ ಮಾಡಲೇಬೇಕಾದರೆ ಗಟ್ಟಿಯಾದ ಮೇಲೆ 15 ಸೆಂ.ಮೀ. ಉಳಿಯುವಂತೆ ಗರಸು (ಜಲ್ಲಿ ಬೆರೆತ ಗಟ್ಟಿ ಮಣ್ಣು) ಹಾಸಿ ದಿಮ್ಮಸು ಹೊಡೆದು, ಅದರ ಮೇಲೆ ಓಟದ ಮಣ್ಣು ಹಾಕಬೇಕು. 36 ಮೀಟರ್ ಉದ್ದ, 20 ಮೀಟರ್ ಅಗಲದ ಓಟದ ಜಾಗಕ್ಕೆ ಅದು ಸುಮಾರು 48 ಬ್ರಾಸ್ (ಒಂದು ಬ್ರಾಸ್ ನೂರು ಘನ ಅಡಿ) ಸಡಿಲ ಗರಸು, ಅಂದರೆ ಅಂದಾಜು ಅಷ್ಟೇ ಟ್ರ್ಯಾಕ್ಟರ್ ಟ್ರ್ಯಾಲಿ. ಆ ದುಡ್ಡಿಗೆ ಬೇರೆ ಜಾಗ ಹುಡುಕುವುದು ಲೇಸು. ಧಾರವಾಡದ ಪಶ್ಚಿಮಕ್ಕೆ, ಕಲಘಟಗಿ-ಅಳ್ನಾವರ ಕಡೆ ಕೆಂಪು ನೆಲ ಸಿಗುತ್ತದೆ; ಹಾವೇರಿ ಜಿಲ್ಲೆಯಲ್ಲಿ ಎರಡೂ ಇವೆ, ಅಗೆದು ನೋಡಿಯೇ ಒಪ್ಪಿಕೊಳ್ಳಬೇಕು.

ಬರೀ ಮಸಾರಿಯೂ (ಕೆಂಪು ಮಣ್ಣು) ಸಾಲದು. ಅಂಟು ಕಡಿಮೆಯಾಗಿ ಎರಡು ವಾರದಲ್ಲಿ ಧೂಳಾಗಿ ಎದ್ದು ಹೋಗುತ್ತದೆ. ನಾಲ್ಕು ಬುಟ್ಟಿ ಮಸಾರಿಗೆ ಒಂದು ಬುಟ್ಟಿ ಹುಡಿ ಮಾಡಿದ ಎರಿ, ಇದು ಶುರುವಿನ ಮಿಶ್ರಣ. ಪರೀಕ್ಷೆ ಹೀಗೆ: ಲೀಟರ್ ಬಾಟಲಿಯ ಮೂರನೇ ಒಂದು ಭಾಗ ಈ ಮಣ್ಣು, ಉಳಿದದ್ದು ನೀರು, ಚಿಟಿಕೆ ಬಟ್ಟೆ ಸೋಪಿನ ಪುಡಿ. ಚೆನ್ನಾಗಿ ಕುಲುಕಿ ಇಡಿ. ಮೊದಲ ನಿಮಿಷದಲ್ಲಿ ಮರಳು ತಳ ಸೇರುತ್ತದೆ, ಎರಡು ಗಂಟೆಯಲ್ಲಿ ನಯವಾದ ಪುಡಿ, ಮರುದಿನಕ್ಕೆ ಜೇಡಿ. ಒಟ್ಟು 10 ಸೆಂ.ಮೀ. ಮಣ್ಣಿನಲ್ಲಿ ಮೇಲಿನ ಜೇಡಿ ಪದರ 2ರಿಂದ 3 ಸೆಂ.ಮೀ. ಇದ್ದರೆ ಸರಿ. ಇದು ಅಂದಾಜಿನ ಪರೀಕ್ಷೆ; ನಿಜವಾದ ತೀರ್ಪು ಕೊಡುವುದು ಬಿಲ್ಲೆ. ಒಂದಡಿ ಉದ್ದ, ಒಂದಡಿ ಅಗಲ, 5 ಸೆಂ.ಮೀ. ದಪ್ಪದ ಬಿಲ್ಲೆ ಬಡಿದು ಮೂರು ದಿನ ಬಿಸಿಲಿಗಿಡಿ. 2 ಮಿ.ಮೀ.ಗಿಂತ ಅಗಲದ ಬಿರುಕು ಬಿಟ್ಟರೆ ಮಸಾರಿ ಹೆಚ್ಚಿಸಿ, ಹೆಬ್ಬೆರಳಿನಿಂದ ತಿಕ್ಕಿದರೆ ಉದುರಿದರೆ ಎರಿ ಹೆಚ್ಚಿಸಿ.

ಹಿಂದೆ ಸುಗ್ಗಿಗೆ ಕಣ ಮಾಡುತ್ತಿದ್ದವರು ಊರಲ್ಲಿ ಇನ್ನೂ ಇದ್ದರೆ ಅವರನ್ನು ಕರೆಯಿರಿ. ನೀರು ಹೊಡೆದು, ಹದ ಕಾದು, ಕಲ್ಲು ಉರುಳಿಸಿ ನೆಲ ಗಟ್ಟಿ ಮಾಡುವ ಕೆಲಸದಲ್ಲಿ ಅವರ ಕಣ್ಣಂದಾಜಿಗೆ ಸಾಟಿಯಿಲ್ಲ. ಟ್ರ್ಯಾಕಿಗೆ ಬೇಕಾದದ್ದೂ ಅದೇ ಹದ: ಮುಷ್ಟಿಯಲ್ಲಿ ಹಿಚುಕಿದರೆ ಉಂಡೆ ನಿಲ್ಲಬೇಕು, ಅಂಗೈ ಒದ್ದೆಯಾಗಬಾರದು, ಸೊಂಟದೆತ್ತರದಿಂದ ಬಿಟ್ಟರೆ ಎರಡು ಮೂರು ತುಂಡಾಗಬೇಕು. ನುಚ್ಚುನೂರಾದರೆ ನೀರು ಕಡಿಮೆ, ಚಪ್ಪಟೆಯಾಗಿ ಕೂತರೆ ಜಾಸ್ತಿ.

ಕೆಲಸಕ್ಕೆ ನವೆಂಬರ್‌ನಿಂದ ಜನವರಿ ಒಳ್ಳೆಯ ಕಾಲ. ಮಳೆ ಹಿಂದೆ ಸರಿದಿರುತ್ತದೆ, ನೆಲ ಇನ್ನೂ ಕಲ್ಲಾಗಿರುವುದಿಲ್ಲ.

ನೀರಿಗೆ ದಾರಿ

ನೆಲಕ್ಕೆ ನೂರಕ್ಕೆ ಒಂದರಿಂದ ಒಂದೂವರೆಯಷ್ಟು ವಾಟ ಇರಲಿ. 20 ಮೀಟರ್ ಅಗಲದಲ್ಲಿ 20ರಿಂದ 30 ಸೆಂ.ಮೀ. ಇಳಿತ. ಇದಕ್ಕೆ ದುಬಾರಿ ಯಂತ್ರ ಬೇಡ, ಗೌಂಡಿಗಳು ಮಟ್ಟ ನೋಡುವ ನೀರಿನ ಪಾರದರ್ಶಕ ಪೈಪೇ ಸಾಕು. ಐದೈದು ಮೀಟರಿಗೆ ಗೂಟ ಹೊಡೆದು ಮಟ್ಟದ ಗುರುತು ಹಾಕಿಕೊಳ್ಳಿ. ಪೈಪಿನೊಳಗೆ ಗಾಳಿಗುಳ್ಳೆ ಇದ್ದರೆ ಮಟ್ಟ ಸುಳ್ಳು ಹೇಳುತ್ತದೆ, ಅಷ್ಟು ನೋಡಿಕೊಂಡರಾಯಿತು.

ಇಳಿತ ಡ್ರೈವರ್‌ಗಳು ನಿಲ್ಲುವ ಕಟ್ಟೆಯಿಂದ ಆಚೆ ಹೋಗದೆ, ಆಚೆಯಿಂದ ಕಟ್ಟೆಯತ್ತ ಬರಲಿ. ದೂರದ ಲೇನ್ ಕೊಂಚ ಎತ್ತರದಲ್ಲಿದ್ದರೆ ಕಾಣುವುದು ಚೆನ್ನ. ಕಟ್ಟೆಯ ಮುಂದೆ ಒಂದಡಿ ಅಗಲದ ಕಾಲುವೆ ತೆಗೆದು ಹೊರಗೆ ಬಿಡಿ. ಮುಂದೆ ದಿಬ್ಬ ಬರುವ ಕಡೆಯಲ್ಲೆಲ್ಲ ಈಗಲೇ ಲೇನಿನ ಅಡಿ 110 ಮಿ.ಮೀ. ಪಿವಿಸಿ ಪೈಪು ಹಾಕಿ. ದಿಬ್ಬ ಅಂದರೆ ಒಡ್ಡು; ಒಡ್ಡಿನ ಹಿಂದೆ ನೀರು ನಿಲ್ಲದೆ ಇನ್ನೇನು ಮಾಡೀತು! ಲ್ಯಾಪ್ ಎಣಿಕೆಯ ವೈರಿಗೂ ಕಟ್ಟೆಯ ಹತ್ತಿರ ಒಂದು ಸಣ್ಣ ಪೈಪು ಅಡ್ಡ ಹೂತಿಡಿ, ಮುಂದೆ ಅಗೆಯುವುದು ತಪ್ಪುತ್ತದೆ.

ಕಟ್ಟೆ

ಡ್ರೈವರ್ ಕಟ್ಟೆ ದಕ್ಷಿಣದ ಉದ್ದಬದಿಯ ನಡುವೆ, ಉತ್ತರಕ್ಕೆ ಮುಖ ಮಾಡಿ ಇರಲಿ. ಪಶ್ಚಿಮಕ್ಕೆ ಮುಖವಿದ್ದರೆ ಸಂಜೆ ಐದರ ಮೇಲೆ ಕಾರಿನ ಬದಲು ಸೂರ್ಯನೇ ಕಾಣುವುದು. ಪೂರ್ವಕ್ಕಿದ್ದರೆ ಭಾನುವಾರದ ಬೆಳಗು ಹಾಳು. ನಾವಿರುವುದು 15 ಡಿಗ್ರಿ ಅಕ್ಷಾಂಶದ ಆಸುಪಾಸು, ಹಾಗಾಗಿ ಮೇ ಮೊದಲ ವಾರದಿಂದ ಆಗಸ್ಟ್ ಎರಡನೇ ವಾರದವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ತುಸು ಉತ್ತರಕ್ಕೇ ವಾಲಿರುತ್ತಾನೆ. ಆದರೆ ಆಗ ಅವನು ತಲೆಯ ಮೇಲೆಯೇ ಇರುವುದರಿಂದ ಕಣ್ಣಿಗೆ ಹೊಡೆಯುವುದಿಲ್ಲ, ಶೇಡ್ ನೆಟ್ ಸಾಕು.

ಎತ್ತರದಲ್ಲಿ ಜಿಪುಣತನ ಮಾಡಬೇಡಿ. ಸಣ್ಣ ಲೆಕ್ಕ ನೋಡಿ. ನೆಲದ ಮೇಲೆ ನಿಂತವನ ಕಣ್ಣು 1.6 ಮೀಟರ್ ಎತ್ತರದಲ್ಲಿದೆ. 15 ಮೀಟರ್ ಆಚೆ ಅರ್ಧ ಮೀಟರಿನ ದಿಬ್ಬವಿದ್ದರೆ ಅದರ ಹಿಂದೆ 6.8 ಮೀಟರ್ ನೆಲ ಮರೆಯಾಗುತ್ತದೆ. ಅಂದರೆ ಎರಡು ಲೇನ್ ಪೂರ್ತಿ ಕುರುಡು. ಅದೇ ಮನುಷ್ಯ 1.8 ಮೀಟರ್ ಎತ್ತರದ ಕಟ್ಟೆ ಹತ್ತಿದರೆ ಮರೆಯಾಗುವುದು 2.6 ಮೀಟರ್ ಮಾತ್ರ. ಕಾರಿಗೂ ಒಂದಿಷ್ಟು ಎತ್ತರ ಇರುವುದರಿಂದ ಅದರ ಬಾಡಿಯ ಮೇಲ್ಭಾಗ ಇನ್ನೂ ಬೇಗ ಕಾಣುತ್ತದೆ. ಇದರಿಂದಲೇ ಇನ್ನೊಂದು ನಿಯಮ: ದೊಡ್ಡ ದಿಬ್ಬ ಕಟ್ಟೆಗೆ ಹತ್ತಿರ, ಚಿಕ್ಕದು ದೂರ.

ಹತ್ತು ಜನ ನಿಲ್ಲಲು 8 ಮೀಟರ್ ಉದ್ದ ಬೇಕು. ಮದುವೆ ಪೆಂಡಾಲಿನವರ ಸ್ಟೇಜ್ ಬಾಡಿಗೆಗೆ ತಂದು ಮೊದಲ ಕೆಲವು ವಾರ ಎತ್ತರ, ಜಾಗ ಪರೀಕ್ಷಿಸಿ, ಆಮೇಲೆ ಪಕ್ಕಾ ಕಟ್ಟಿಸಬಹುದು. ಎದೆಮಟ್ಟದ ಕಟಕಟೆ ಕಡ್ಡಾಯ. ಟ್ರಾನ್ಸ್‌ಮಿಟರ್ ಹಿಡಿದವನ ಗಮನ ಕಾಲಿನ ಕಡೆ ಇರುವುದಿಲ್ಲ.

ನೂಲಿನಿಂದ ನಕ್ಷೆ

ಸುತ್ತಲೂ 2 ಮೀಟರ್ ಬಿಟ್ಟು, ಕಟ್ಟೆಯ ಬದಿಗೆ ಇನ್ನೊಂದಿಷ್ಟು ಬಿಟ್ಟರೆ ಉಳಿಯುವ ಓಟದ ಜಾಗವೇ ಆ 36 ಮೀಟರ್ ಉದ್ದ, 20 ಮೀಟರ್ ಅಗಲ, ಒಟ್ಟು 720 ಚದರ ಮೀಟರ್. ಲೇನ್ 3 ಮೀಟರ್, ನಡುವಿನ ಪಟ್ಟಿ ಅರ್ಧ ಮೀಟರ್ ಹಿಡಿದರೆ ಕಾಗದದ ಮೇಲೆ 205 ಮೀಟರ್ ದಾರಿ ಬರುತ್ತದೆ. ತಿರುವು, ಮಾರ್ಷಲ್ (ಮಗುಚಿದ ಕಾರು ಎತ್ತಿ ನಿಲ್ಲಿಸುವವನು) ನಿಲ್ಲುವ ಜಾಗ ಕಳೆದು ಕೈಗೆ ಸಿಗುವುದು 145 ಮೀಟರ್. ಸರಾಸರಿ 22 ಕಿ.ಮೀ. ವೇಗದಲ್ಲಿ ಒಂದು ಸುತ್ತಿಗೆ 24 ಸೆಕೆಂಡ್. ಐದು ನಿಮಿಷದ ರೇಸಿಗೆ ಹನ್ನೆರಡು ಸುತ್ತು. ಚೆನ್ನಾಯಿತು.

ಪೆನ್ಸಿಲ್‌ನಿಂದ ಬರೆಯಬೇಡಿ, ಬರೆದದ್ದನ್ನು ಅಳಿಸಲು ಮನಸ್ಸು ಬರುವುದಿಲ್ಲ. ಥರ್ಮಾಕೋಲ್ ಹಾಳೆಯ ಮೇಲೆ 36 ಸೆಂ.ಮೀ., 20 ಸೆಂ.ಮೀ. ಚೌಕ ಹಾಕಿ: ಒಂದು ಸೆಂ.ಮೀ. ಅಂದರೆ ಒಂದು ಮೀಟರ್. 145 ಸೆಂ.ಮೀ. ಉದ್ದದ ಕೆಂಪು ಉಣ್ಣೆ ನೂಲು ಕತ್ತರಿಸಿ ಎರಡೂ ತುದಿ ಗಂಟು ಹಾಕಿ. ಆ ಕುಣಿಕೆಯನ್ನು ಗುಂಡುಪಿನ್ನುಗಳಿಂದ ಚೌಕದೊಳಗೆ ಮಡಚುತ್ತಾ ಹೋಗಿ. ನೂಲು ಲೇನಿನ ನಡುಗೆರೆ; ಆದ್ದರಿಂದ ಎರಡು ಸಾಲು ನೂಲಿನ ನಡುವೆ 3.5 ಸೆಂ.ಮೀ.ಗಿಂತ ಕಡಿಮೆ ಎಲ್ಲೂ ಇರಬಾರದು, ಚೌಕದ ಅಂಚಿನಿಂದ ಒಂದೂವರೆ ಸೆಂ.ಮೀ. ಒಳಗೇ ಇರಬೇಕು. ಅಗಲದಲ್ಲಿ ಐದು ಸಾಲು ಹಿಡಿಯುತ್ತದೆ, ಆರನೆಯದಕ್ಕೆ ಆಸೆಪಡಬೇಡಿ. ಒಂದೊಂದು ಮಡಿಕೆಯ ಫೋಟೊ ತೆಗೆದಿಟ್ಟುಕೊಳ್ಳಿ. ಏಳೆಂಟು ಬಗೆ ನೋಡಿದ ಮೇಲೆ ಆರಿಸಿ.

ಆರಿಸುವಾಗ ನೋಡಬೇಕಾದದ್ದು ಇಷ್ಟು. ಉದ್ದನೆಯ ನೇರ ಓಟ, 28 ಮೀಟರಿನದು, ಕಟ್ಟೆಯಿಂದ ಅತಿ ದೂರದ ಸಾಲಿನಲ್ಲಿರಲಿ. ದೂರದಲ್ಲಿ ಅಂಗುಲದ ಲೆಕ್ಕ ಕಣ್ಣಿಗೆ ಸಿಗುವುದಿಲ್ಲ. ನೇರ ಓಟಕ್ಕೆ ಆ ಲೆಕ್ಕ ಬೇಕಾಗಿಯೂ ಇಲ್ಲ. ಬಿಗಿ ತಿರುವುಗಳು ಹತ್ತಿರ ಬರಲಿ. ಎಡ, ಬಲ ಎರಡೂ ತಿರುವು ಇರಲಿ: ಹತ್ತು ತಿರುವಿನಲ್ಲಿ ಆರು ಬಲ, ನಾಲ್ಕು ಎಡ ಇದ್ದರೆ ಟೈರು ಒಂದೇ ಬದಿ ಸವೆಯುವುದಿಲ್ಲ. ಎಲ್ಲ ತಿರುವೂ ಹೇರ್‌ಪಿನ್ (ಪೂರ್ತಿ ಹಿಂದಕ್ಕೆ ಮರಳುವ ಬಿಗಿ ತಿರುವು) ಆದರೆ ಅದು ಟ್ರ್ಯಾಕ್ ಅಲ್ಲ, ನೇಗಿಲು ಹೊಡೆದ ಸಾಲು. ಕನಿಷ್ಠ ಎರಡು ಕಡೆ 5-6 ಮೀಟರ್ ತ್ರಿಜ್ಯದ ಉದ್ದನೆಯ ತಿರುವು ಸೇರಿಸಿ.

ತಿರುವಿನ ತ್ರಿಜ್ಯವೇ ವೇಗವನ್ನು ನಿರ್ಧರಿಸುತ್ತದೆ. ಒಳಬದಿ 1.2 ಮೀಟರ್ ತ್ರಿಜ್ಯದ ಹೇರ್‌ಪಿನ್‌ನಲ್ಲಿ ನಡುಗೆರೆ 2.7 ಮೀಟರ್, ಗಟ್ಟಿ ಮಣ್ಣಿನ ಸಾಧಾರಣ ಹಿಡಿತಕ್ಕೆ ಕಾರು ಸೆಕೆಂಡಿಗೆ 4 ಮೀಟರ್, ಅಂದರೆ ಗಂಟೆಗೆ 14-15 ಕಿ.ಮೀ.ನಲ್ಲಿ ಹೊರಬರುತ್ತದೆ. 6 ಮೀಟರ್ ತ್ರಿಜ್ಯದಲ್ಲಿ 21 ಕಿ.ಮೀ. ಹೇರ್‌ಪಿನ್‌ನಿಂದ ಹೊರಟು 28 ಮೀಟರ್ ನೇರ ಓಡಿ ಮತ್ತೊಂದು ಹೇರ್‌ಪಿನ್‌ಗೆ ಬರುವ ಕಾರು ಗಂಟೆಗೆ 40 ಕಿ.ಮೀ. ಆಸುಪಾಸು ಮುಟ್ಟಿ, ಕೊನೆಯ 10 ಮೀಟರ್ ಬ್ರೇಕ್ ಹಿಡಿಯುತ್ತದೆ. ಆ 10 ಮೀಟರಿನಲ್ಲಿ ಏನನ್ನೂ ಹಾಕಬೇಡಿ. ಅಲ್ಲಿ ನೆಲ ತಾನಾಗಿಯೇ ಕಿತ್ತು ಅಲೆಅಲೆಯಾಗುತ್ತದೆ, ದುರಸ್ತಿಯೂ ಅಲ್ಲಿಯೇ ಹೆಚ್ಚು.

ಕೊನೆಯದಾಗಿ, ಎದುರುಬದುರು ಓಡುವ ಎರಡು ಲೇನ್‌ಗಳ ನಡುವೆ ದಿಬ್ಬ ಬರುವ ಜಾಗವಿದ್ದರೆ ಅಲ್ಲಿ ಪಟ್ಟಿಯನ್ನು ಒಂದೂವರೆ ಮೀಟರಿಗೆ ಅಗಲಿಸಿ. ಸೊಟ್ಟ ಹಾರಿದ ಕಾರು ಎದುರಿನ ಕಾರಿನ ಮೇಲೆ ಇಳಿಯಬಾರದು. ಆ ಅಗಲದಲ್ಲಿ ಮಾರ್ಷಲ್ ಕೂಡ ಸುರಕ್ಷಿತವಾಗಿ ನಿಲ್ಲಬಹುದು.

ನೆಲಕ್ಕೆ ಇಳಿಸುವುದು ಗೌಂಡಿ ಕೆಲಸವೇ: ದಾರ, ಗೂಟ, 3-4-5ರ ಮೂಲೆಮಟ್ಟ, ಸುಣ್ಣದ ಪುಡಿ. ತಿರುವಿಗೆ ನಡುವೆ ಗೂಟ ನೆಟ್ಟು ಹಗ್ಗ ಸುತ್ತಿಸಿ ಗೆರೆ ಎಳೆಯಿರಿ. ಆಮೇಲೆ ಲೇನಿನ ಮೇಲೆ ಓಟದ ಮಣ್ಣು ಹಾಸಿ. ಗಟ್ಟಿಯಾದ ಮೇಲೆ 8 ಸೆಂ.ಮೀ. ಉಳಿಯಬೇಕಾದರೆ ಸುಮಾರು 15 ಬ್ರಾಸ್ ಬೇಕು. ಹದಕ್ಕೆ ಬಂದಾಗ ಪ್ಲೇಟ್ ಕಂಪ್ಯಾಕ್ಟರ್ ಮೂರು ನಾಲ್ಕು ಸಲ ಓಡಿಸಿ.

ಎರಡು ವಾರ ಬರೀ ಸಪಾಟು ಓಟ

ಈ ಹಂತವನ್ನು ಎಲ್ಲರೂ ಹಾರಿಸುತ್ತಾರೆ. ಹಾರಿಸಬೇಡಿ. ದಿಬ್ಬವಿಲ್ಲದೆ ಎರಡು ವಾರ ಓಡಿಸಿದರೆ ಕಾರುಗಳು ನಿಜವಾಗಿ ಹಿಡಿಯುವ ದಾರಿ ಕಪ್ಪಗೆ ಮಿಂಚುತ್ತದೆ. ಯಾರೂ ಹೋಗದ ಮೂಲೆಗಳಲ್ಲಿ ಧೂಳು ಉಳಿಯುತ್ತದೆ. ದಿಬ್ಬ ಬರಬೇಕಾದ ಜಾಗದಲ್ಲಿ 3 ಮೀಟರ್ ಅಂತರಕ್ಕೆ ಎರಡು ಗೂಟ ನೆಟ್ಟು ಪಕ್ಕದಿಂದ ಮೊಬೈಲ್‌ನಲ್ಲಿ ವಿಡಿಯೊ ತೆಗೆಯಿರಿ. ಸೆಕೆಂಡಿಗೆ 60 ಫ್ರೇಮ್ ಇಟ್ಟಿದ್ದರೆ, ಕಾರಿನ ಮೂತಿ ಒಂದು ಗೂಟದಿಂದ ಇನ್ನೊಂದಕ್ಕೆ ಬರಲು 26 ಫ್ರೇಮ್ ಹಿಡಿದರೆ ವೇಗ ಗಂಟೆಗೆ 25 ಕಿ.ಮೀ. 22 ಫ್ರೇಮ್ ಆದರೆ 29. ಅತಿ ನಿಧಾನದ ಕಾರು, ಅತಿ ಜೋರಿನ ಕಾರು ಎರಡನ್ನೂ ಅಳೆಯಿರಿ.

ದಿಬ್ಬ

ಕಾರು ಹತ್ತನೇ ಒಂದು ಭಾಗ ಅಂದ ಮಾತ್ರಕ್ಕೆ ಮೋಟೋಕ್ರಾಸ್ ಬೈಕಿನ ದಿಬ್ಬವನ್ನೂ ಹತ್ತನೇ ಒಂದಕ್ಕೆ ಇಳಿಸಿದರೆ ಲೆಕ್ಕ ತಪ್ಪುತ್ತದೆ. ಭೂಮಿಯ ಸೆಳೆತ ಅಳತೆ ನೋಡಿ ಕಡಿಮೆಯಾಗುವುದಿಲ್ಲ. ಕಾರು ಎಷ್ಟು ದೂರ ಹಾರುತ್ತದೆ ಅನ್ನುವುದು ವೇಗ ಮತ್ತು ಏರಿನ ಕೋನಕ್ಕೆ ಬಿಟ್ಟದ್ದು. 20 ಡಿಗ್ರಿ ಏರಿನಿಂದ, ಅಷ್ಟೇ ಮಟ್ಟದಲ್ಲಿ ಇಳಿಯುವಾಗ: ಗಂಟೆಗೆ 20 ಕಿ.ಮೀ.ಗೆ 2 ಮೀಟರ್, 25ಕ್ಕೆ 3.2, 30ಕ್ಕೆ 4.5, 36ಕ್ಕೆ ಆರೂವರೆ ಮೀಟರ್. ವೇಗ ಕಾಲುಭಾಗ ಹೆಚ್ಚಿದರೆ ದೂರ ಅರ್ಧಕ್ಕಿಂತ ಹೆಚ್ಚು ಜಾಸ್ತಿ. ಇದಕ್ಕೇ ಮೊದಲು ವೇಗ ಅಳೆಯಬೇಕೆಂದದ್ದು.

ಮೊದಲ ದಿಬ್ಬ ಟೇಬಲ್‌ಟಾಪ್ ಆಗಿರಲಿ: ಏರು, ಸಪಾಟು ನೆತ್ತಿ, ಇಳುಕಲು. ಎರಡು ದಿಬ್ಬದ ನಡುವೆ ಹಳ್ಳವಿರುವ ಡಬಲ್‌ನಲ್ಲಿ ಕಡಿಮೆ ಹಾರಿದವನಿಗೆ ಶಿಕ್ಷೆ. ಟೇಬಲ್‌ಟಾಪ್‌ನಲ್ಲಿ ಅವನು ನೆತ್ತಿಯ ಮೇಲೆ ಇಳಿದು ಮುಂದೆ ಹೋಗುತ್ತಾನೆ. 25 ಕಿ.ಮೀ. ವೇಗದ ಜಾಗಕ್ಕೆ ಅಳತೆ ಇದು: ಏರು ಒಂದೂವರೆ ಮೀಟರ್ ಉದ್ದ, 20 ಡಿಗ್ರಿ, ಅಂದರೆ ಎತ್ತರ 51 ಸೆಂ.ಮೀ.; ನೆತ್ತಿ 2.5 ಮೀಟರ್, ಇಳುಕಲು 2.4 ಮೀಟರ್, 12 ಡಿಗ್ರಿ. 20 ಕಿ.ಮೀ.ನಲ್ಲಿ ಬಂದವನು ನೆತ್ತಿಯ ಮೇಲೆಯೇ ಕೂರುತ್ತಾನೆ. 25ರಲ್ಲಿ ಬಂದವನು ಇಳುಕಲಿನ ನಡುವೆ ಬೆಣ್ಣೆಯಂತೆ ಇಳಿಯುತ್ತಾನೆ. 30ರಲ್ಲಿ ಬಂದವನು ಇಳುಕಲನ್ನೂ ದಾಟಿ ಮುಕ್ಕಾಲು ಮೀಟರ್ ಆಚೆ ಸಪಾಟಿಗೆ ಬಡಿಯುತ್ತಾನೆ. ಹೇರ್‌ಪಿನ್‌ನಿಂದ ದಿಬ್ಬದವರೆಗೆ 6 ಮೀಟರ್ ಓಟವಿದ್ದರೆ ವೇಗ ಸುಮಾರು 26, 10 ಮೀಟರ್ ಇದ್ದರೆ 31. ನಾಲ್ಕು ಮೀಟರ್ ಹಿಂದೆ-ಮುಂದೆ ಆದದ್ದಕ್ಕೆ ಒಳ್ಳೆಯ ದಿಬ್ಬ ಕಾರು ಮುರಿಯುವ ದಿಬ್ಬವಾಗುತ್ತದೆ.

ಇಂಥ ಒಂದಕ್ಕೆ, 3 ಮೀಟರ್ ಅಗಲಕ್ಕೆ, ಗಟ್ಟಿಯಾದ ಮಣ್ಣು 6.7 ಘನ ಮೀಟರ್; ಸಡಿಲ ಮಣ್ಣಿನ ಲೆಕ್ಕದಲ್ಲಿ 3 ಬ್ರಾಸ್. ಬದಿಯ ಇಳಿಜಾರಿಗೆ ಇನ್ನರ್ಧ ಇಟ್ಟುಕೊಳ್ಳಿ. ಒಂದೇ ಸಲ ಸುರಿದು ಮೇಲೆ ಬಡಿಯಬೇಡಿ; ಮೇಲೆ ಗಟ್ಟಿ, ಒಳಗೆ ಟೊಳ್ಳು ಉಳಿದು ಮೊದಲ ಮಳೆಗೆ ನೆತ್ತಿ ಕುಸಿಯುತ್ತದೆ. 10 ಸೆಂ.ಮೀ. ಪದರ, ಹದ ನೋಡಿ ದಿಮ್ಮಸು, ಮತ್ತೆ ಪದರ.

ಏರಿನ ಕೊನೆಯ 60 ಸೆಂ.ಮೀ. ನೇರವಾಗಿರಬೇಕು. ಅಲ್ಲಿ ಬಾಗಿದ್ದರೆ ಮುಂದಿನ ಚಕ್ರ ಬಿಟ್ಟ ಮೇಲೂ ಹಿಂದಿನ ಚಕ್ರಕ್ಕೆ ಒದೆ ಬೀಳುತ್ತದೆ, ಕಾರು ಮೂತಿ ಕೆಳಗೆ ಮಾಡಿ ಹೋಗುತ್ತದೆ. ಗಾಳಿಯಲ್ಲಿ ಥ್ರಾಟಲ್ ಕೊಟ್ಟರೆ ಮೂತಿ ಮೇಲೇಳುತ್ತದೆ, ಬ್ರೇಕ್ ಹಿಡಿದರೆ ಕೆಳಗಾಗುತ್ತದೆ, ನಿಜ. ಆದರೆ ಆ ಕೈಚಳಕ ಹೊಸಬರಿಗೆ ಇರುವುದಿಲ್ಲ. ಎರಡು ಮೀಟರಿನ ನೇರ ಹಲಗೆ ಏರಿನ ಮೇಲಿಟ್ಟು ಬೆಳಕು ತೂರುತ್ತದೆಯೇ ನೋಡಿದರೆ ಉಬ್ಬುತಗ್ಗು ತಿಳಿಯುತ್ತದೆ.

ಮೊದಲು ಸವೆಯುವುದು ಏರು ಮುಗಿಯುವ ಅಂಚು. ಅಲ್ಲಿ ಒಂದಡಿ ಅಗಲಕ್ಕೆ 1 ಪಾಲು ಸಿಮೆಂಟ್, 12 ಪಾಲು ಮಸಾರಿ ಬೆರೆಸಿ ಬಡಿದು, ಒಂದು ವಾರ ಒದ್ದೆ ಗೋಣಿತಟ್ಟು ಹೊದಿಸಿ. ಇಳುಕಲಿಗೆ ಸಿಮೆಂಟ್ ಬೇಡ, ಚಾಸಿ ಉಜ್ಜಿ ಹೋಗುತ್ತದೆ.

ಹತ್ತು ಗುಂಟೆಗೆ ಮೂರು ದಿಬ್ಬ ಸಾಕು: ಒಂದು ಟೇಬಲ್‌ಟಾಪ್, 25-30 ಸೆಂ.ಮೀ. ಎತ್ತರದ ಒಂಟಿ ದಿಬ್ಬ, ಕಾಲಡಿ ಎತ್ತರದ ನಾಲ್ಕೈದು ಉಬ್ಬುಗಳ ಸಾಲು. ಉದ್ದನೆಯ ತಿರುವಿನ ಹೊರಬದಿಗೆ 20 ಸೆಂ.ಮೀ. ಒಡ್ಡು ಕೊಟ್ಟರೆ ಕಾರು ಒರಗಿಕೊಂಡು ಜೋರಾಗಿ ತಿರುಗುತ್ತದೆ. ಎಲ್ಲ ತಿರುವಿಗೂ ಕೊಡಬೇಡಿ. ಓಡಿಸುವವನಿಗೆ ಕೆಲಸವೇ ಉಳಿಯುವುದಿಲ್ಲ.

ಅಂಚು, ಬೇಲಿ

ಲೇನಿನ ಅಂಚಿಗೆ ರೈತರ ಸ್ಪ್ರಿಂಕ್ಲರ್ ಸೆಟ್ಟಿನ ಹಳೆಯ 63 ಮಿ.ಮೀ. ಕಪ್ಪು ಪೈಪು ನೇರ ಭಾಗಕ್ಕೆ ಚೆನ್ನ. ತಿರುವಿಗೆ ಅದು ಬಾಗುವುದಿಲ್ಲ. ಕೇಬಲ್ ಹೂಳಲು ಬಳಸುವ ಸುರುಳಿ ಪೈಪು ತನ್ನಿ. ಒಂದು ಮೀಟರಿಗೊಂದರಂತೆ 8 ಮಿ.ಮೀ. ಸರಳನ್ನು ಯು ಆಕಾರಕ್ಕೆ ಬಗ್ಗಿಸಿ ಹೊಡೆಯಿರಿ, ತಲೆ ಪೈಪಿನ ಮಟ್ಟಕ್ಕಿಂತ ಮೇಲೆ ನಿಲ್ಲಬಾರದು. ಕಲ್ಲು, ಇಟ್ಟಿಗೆ, ಇಡೀ ಟೈರು ಅಂಚಿಗೆ ಬೇಡವೇ ಬೇಡ. ಅವು ಬಗ್ಗುವುದಿಲ್ಲ, ಕಾರು ಮುರಿಯುತ್ತದೆ. ನೇರ ಓಟದ ಕೊನೆಗೂ ಜನ ನಿಲ್ಲುವ ಕಡೆಗೂ ಒಂದು ಮೀಟರ್ ಎತ್ತರದ ಜಾಲರಿ ಕಟ್ಟಿ. ಮಾರ್ಷಲ್‌ಗಳು ಎರಡು ಮೂರು ತಿರುವಿಗೆ ಒಬ್ಬರಂತೆ, ಬೂಟು ಹಾಕಿಕೊಂಡು, ಬರುವ ಕಾರಿಗೆ ಬೆನ್ನು ಕೊಡದೆ.

ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿಗೆ ಬೆಂಕಿ ಹತ್ತುವುದುಂಟು; ಅದನ್ನು ಚಾರ್ಜ್ ಮಾಡುವ ಮೇಜು ಕಟ್ಟೆಯ ಕೆಳಗೆ ಬೇಡ. ಬೇರೆ ಜಾಗದಲ್ಲಿ, ಪಕ್ಕದಲ್ಲಿ ಎರಡು ಬಕೆಟ್ ಒಣ ಮರಳಿನೊಂದಿಗೆ.

ನಡೆಸಿಕೊಂಡು ಹೋಗುವುದು

ಓಟದ ಹಿಂದಿನ ಸಂಜೆ ನೀರು ಹೊಡೆಯಿರಿ, ಬೆಳಗ್ಗೆ ಬೇಡ. ರಾತ್ರಿಯೆಲ್ಲ ಇಳಿದ ನೀರು ಮಣ್ಣು ಕಟ್ಟುತ್ತದೆ, ಬೆಳಗಿನ ನೀರು ಮೇಲೆ ಕೆಸರಾಗುತ್ತದೆ. ಅಮೆರಿಕದ ಕೆಲವು ಒಳಾಂಗಣ ಟ್ರ್ಯಾಕ್‌ಗಳಲ್ಲಿ ಹಿಡಿತಕ್ಕೆಂದು ಸಕ್ಕರೆ ನೀರು ಹೊಡೆಯುವುದುಂಟು. ಇಲ್ಲಿ ಬಯಲಿನಲ್ಲಿ ಮಾಡಿದರೆ ಇರುವೆಗಳ ಜಾತ್ರೆ. ಉಪ್ಪು ಹಾಕಿದರೆ ಧೂಳು ಕಡಿಮೆಯಾದೀತು, ಬೇರಿಂಗ್ ತುಕ್ಕು ಹಿಡಿಯುತ್ತದೆ.

ಮೇ ಕೊನೆಗೆ ದಿಬ್ಬಗಳ ಏರು, ನೆತ್ತಿಗೆ ತಾಡಪತ್ರಿ ಹೊದಿಸಿ, ಅಂಚಿಗೆ ಮಣ್ಣಿನ ಚೀಲ ಇಡಿ. ಮಳೆ ಬಿಡುವು ಕೊಟ್ಟಾಗ ತೆಗೆದು ಒಣಗಿಸಿ, ಇಲ್ಲವಾದರೆ ಅಡಿಯಲ್ಲಿ ಪಾಚಿ ಕಟ್ಟುತ್ತದೆ. ಪಿವಿಸಿ ಪೈಪುಗಳ ಬಾಯಿ ವಾರಕ್ಕೊಮ್ಮೆ ಸ್ವಚ್ಛ ಮಾಡಿ.

ಆರು ತಿಂಗಳಿಗೆ ಟ್ರ್ಯಾಕ್ ಬೇಸರವಾದರೆ ಮಣ್ಣು ಮುಟ್ಟುವ ಮೊದಲು ಓಟದ ದಿಕ್ಕು ತಿರುಗಿಸಿ ನೋಡಿ. 12 ಡಿಗ್ರಿಯ ಇಳುಕಲು ಈಗ ಏರಾಗುತ್ತದೆ, ಕಾರು ಕಡಿಮೆ ಹಾರುತ್ತದೆ. ಆದರೆ ಆಚೆಯ 20 ಡಿಗ್ರಿ ಇಳಿತ ಕಡಿದು, ಹಾಗಾಗಿ ಅದರ ಬುಡಕ್ಕೆ ಕಾಲು ಬ್ರಾಸ್ ಮಣ್ಣು ಸೇರಿಸಿ 15 ಡಿಗ್ರಿಗೆ ತಗ್ಗಿಸಬೇಕು. ದಿಕ್ಕು ಬದಲಾದಾಗ ದಿಬ್ಬಕ್ಕೆ ಮುಂಚಿನ ಓಟದ ಉದ್ದವೂ ಬದಲಾಗುತ್ತದೆ. ಮತ್ತೆ ಎರಡು ಗೂಟ, ಮತ್ತೆ ಮೊಬೈಲ್.